ಹನ್ನೆರಡನೇ ಬೋರ್ಡಿನವಳು

ಫೋನ್ ಬಂದಾಗ ಅವಳು ಪಾಠ ಹೇಳಿಕೊಡುತ್ತಿದ್ದಳು. ಪಾಠವೆಂದರೆ ಕಾರಿನದು. ಪಕ್ಕದಲ್ಲಿ ಸ್ಟೇರಿಂಗ್ ಹಿಡಿದು ಕೂತವರು ಬ್ಯಾಂಕಿನಿಂದ ನಿವೃತ್ತರಾದ ಒಬ್ಬ ದಢೂತಿ ಮನುಷ್ಯರು. ಎರಡು ಕಂಬಗಳ ನಡುವೆ ಹಿಂದಕ್ಕೆ ಹೋಗಿ ನಿಲ್ಲಿಸಿ ಎಂದರೆ, ಕಂಬದ ಮೇಲೆ ಹಳೆಯ ಹಗೆ ಇದ್ದವರಂತೆ ನೇರ ಅದರತ್ತಲೇ ಹೋಗುತ್ತಿದ್ದರು. ಅವಳ ಕಾಲ ಬುಡದಲ್ಲಿ ಇನ್ನೊಂದು ಬ್ರೇಕ್ ಇತ್ತು. ಕಲಿಯುವವರು ಎಡವಟ್ಟು ಮಾಡುವ ಮೊದಲೇ ಅದನ್ನು ತುಳಿಯುವುದರಲ್ಲಿ ಅವಳದು ಎತ್ತಿದ ಕೈ. ಅದಕ್ಕೇ ಡ್ರೈವಿಂಗ್ ಸ್ಕೂಲಿನಲ್ಲಿ ಅವಳಿಗೆ ಬ್ರೇಕ್ ಮೇಡಂ ಎಂದು ಹೆಸರು ಬಿದ್ದಿತ್ತು.

"ಮೇಡಂ, ಗಾಬರಿ ಆಗ್ಬೇಡಿ," ಎಂದಿತು ಫೋನಿನ ದನಿ. ಅಮ್ಮ ಹೋಗಿದ್ದ ಪ್ರವಾಸದ ಗುಂಪಿನ ಮ್ಯಾನೇಜರ್. "ನಿಮ್ಮ ತಾಯಿ ಸ್ವಲ್ಪ ಬಿದ್ದಿದಾರೆ."

"ಸ್ವಲ್ಪ ಬೀಳೋದು ಅಂದ್ರೇನ್ರೀ?"

"ತೊಡೆ ಮೂಳೆ ಮುರಿದಿದೆ. ಆಪರೇಷನ್‌ಗೆ ಕರ್ಕೊಂಡು ಹೋಗಿದಾರೆ. ಒಳ್ಳೆ ಆಸ್ಪತ್ರೆ ಮೇಡಂ, ಏನೂ ಯೋಚನೆ ಮಾಡ್ಬೇಡಿ. ಆದ್ರೆ ನಮ್ಮ ಬಸ್ಸು ನಾಳೆ ಬೆಳಗ್ಗೆ ಮುಂದಿನ ಊರಿಗೆ ಹೊರಡುತ್ತೆ. ಮಿಕ್ಕವರದೆಲ್ಲ ಹೋಟೆಲ್ ಬುಕ್ ಆಗಿದೆ ನೋಡಿ..."

"ಅಂದ್ರೆ? ನಮ್ಮಮ್ಮನ್ನ ಅಲ್ಲೇ ಬಿಟ್ಟು ಹೋಗ್ತೀರಾ?"

ಅಷ್ಟರಲ್ಲಿ ಕಾರು ಧಡ್ ಎಂದು ಕಂಬಕ್ಕೆ ಗುದ್ದಿ ನಿಂತಿತು. ಬ್ರೇಕ್ ಮೇಡಂ ತನ್ನ ಉದ್ಯೋಗದಲ್ಲಿ ಮೊದಲ ಸಲ ಬ್ರೇಕ್ ಮರೆತಿದ್ದಳು.

ಅಮ್ಮ ಟೆಲಿಫೋನ್ ಎಕ್ಸ್‌ಚೇಂಜಿನಲ್ಲಿ ಆಪರೇಟರ್ ಆಗಿದ್ದವಳು. ಹೊರದೇಶದ ಕರೆಗಳನ್ನು ಜೋಡಿಸಿಕೊಡುವ ಕೆಲಸ. ತಲೆಗೆ ಹೆಡ್‌ಫೋನ್ ಸಿಕ್ಕಿಸಿಕೊಂಡು, ಕೂದಲು ನರೆಯುವ ತನಕ ಪ್ರಪಂಚದ ಜೊತೆಗೆಲ್ಲ ಮಾತಾಡಿದಳು. ಊರಿನ ಗಡಿ ದಾಟಿದ್ದು ಮಾತ್ರ ಕಡಿಮೆ. ಈ ಸಲ ಹಳೆಯ ಸಹೋದ್ಯೋಗಿಗಳ ಜೊತೆ ವಿದೇಶ ಪ್ರವಾಸಕ್ಕೆ ಹೊರಟಾಗ ಮಗಳು ಬೇಡ ಎಂದು ಗಂಟಲು ಹರಿದುಕೊಂಡಿದ್ದಳು. "ನೀನು ಬೇಡ ಅನ್ನದೇ ಇದ್ದದ್ದು ಯಾವುದು ಹೇಳು," ಎಂದು ಅಮ್ಮ ಸೂಟ್‌ಕೇಸಿನ ಜಿಪ್ ಎಳೆದಿದ್ದಳು.

ಅಣ್ಣನಿಗೆ ಫೋನ್ ಮಾಡಿದರೆ, "ನನ್ನ ಪಾಸ್‌ಪೋರ್ಟ್ ಅವಧಿ ಮುಗ್ದಿದೆ ಕಣೆ. ಇಲ್ಲಾಂದಿದ್ರೆ ಇಷ್ಟೊತ್ತಿಗೆ ನಾನು ವಿಮಾನದಲ್ಲಿ ಇರ್ತಿದ್ದೆ," ಎಂದ. ಆಮೇಲೆ ಸಾಲಾಗಿ ಸಲಹೆಗಳು ಶುರುವಾದವು. ಯಾವ ವಿಮಾನ ಹತ್ತಬೇಕು, ಯಾವುದನ್ನು ಹತ್ತಬಾರದು, ಡಾಕ್ಟರನ್ನು ಏನೇನು ಕೇಳಬೇಕು. ಅವಳು ಫೋನನ್ನು ಮೇಜಿನ ಮೇಲಿಟ್ಟು ಬಟ್ಟೆ ಮಡಚಿದಳು. ಅದು ತನ್ನ ಪಾಡಿಗೆ ಮಾತಾಡುತ್ತಿತ್ತು.

ವೀಸಾ ಕಚೇರಿಯಲ್ಲಿ ಕಿಟಕಿಯಿಂದ ಕಿಟಕಿಗೆ ಓಡಾಡಿ ಚಪ್ಪಲಿ ಸವೆಯಿತು. ತುರ್ತು ಎಂದರೆ ಒಬ್ಬಳು, "ಎಲ್ಲರದೂ ತುರ್ತೇ," ಎಂದು ಉಗುರು ನೋಡಿಕೊಂಡಳು. ಕೊನೆಗೆ ಆಸ್ಪತ್ರೆಯಿಂದ ಪತ್ರ ಬಂದ ಮೇಲೆ ಪಾಸ್‌ಪೋರ್ಟಿಗೆ ಮುದ್ರೆ ಬಿತ್ತು. ಮನೆಗೆ ಬಂದರೆ ಗಂಡ ಬಾಗಿಲಲ್ಲೇ ಒಂದು ವಾಕರ್ ಹಿಡಿದು ನಿಂತಿದ್ದ, ಮಡಚುವಂಥದ್ದು, ಪಕ್ಕದ ಮನೆಯ ಅಜ್ಜಿಯದು.

"ಇದ್ಯಾಕ್ರೀ?"

"ಅಲ್ಲಿ ಸಿಗುತ್ತೋ ಇಲ್ವೋ. ಅಮ್ಮ ನಡೀಬೇಕಲ್ಲ. ಅಜ್ಜಿ ಪಾಪ ತಾವಾಗೇ ಕೊಟ್ರು."

ಬೇಡ ಎನ್ನಲು ಅವಳಿಗೆ ಆಗ ಶಕ್ತಿ ಇರಲಿಲ್ಲ. ಆ ವಾಕರ್ ದಾರಿಯುದ್ದಕ್ಕೂ ಅವಳ ಪ್ರಾಣ ತಿಂದಿತು. ತಪಾಸಣೆಯವರು ಅದರ ರಬ್ಬರ್ ಕಾಲುಗಳನ್ನು ಒಂದೊಂದಾಗಿ ಕಳಚಿ ಒಳಗೆ ಇಣುಕಿದರು. ವಿಮಾನದಲ್ಲಿ ಅದು ಯಾವ ಗೂಡಿನಲ್ಲೂ ಹಿಡಿಯಲಿಲ್ಲ. ವಿಮಾನ ಬದಲಿಸುವ ಕಡೆ ಅದನ್ನು ಹಿಡಿದು ಓಡುತ್ತಿದ್ದವಳನ್ನು ಕಂಡು ಒಬ್ಬ ಸಿಬ್ಬಂದಿ ಓಡಿಬಂದು ಬಲವಂತವಾಗಿ ಗಾಲಿಕುರ್ಚಿಯಲ್ಲಿ ಕೂರಿಸಿಬಿಟ್ಟ. ಇಲ್ಲಪ್ಪಾ, ನನಗಲ್ಲ ಎಂದರೆ ಅವನು ಕನಿಕರದಿಂದ ಮುಗುಳ್ನಕ್ಕು ತಳ್ಳಿಕೊಂಡೇ ಹೋದ.

ಇಳಿದಾಗ ವಾಕರ್ ಬಂತು, ಸೂಟ್‌ಕೇಸ್ ಬರಲಿಲ್ಲ. ಅದು ಬೇರೆ ಯಾವುದೋ ಊರಿಗೆ ಹೋಗಿದೆ, ಬಂದರೆ ತಿಳಿಸುತ್ತೇವೆ ಎಂದರು. ಉಟ್ಟ ಬಟ್ಟೆಯಲ್ಲೇ ಟ್ಯಾಕ್ಸಿ ಹತ್ತಿದಳು. ಚಾಲಕ ಒಂದು ಕೈಯಲ್ಲಿ ಸ್ಟೇರಿಂಗ್ ಹಿಡಿದು ಇನ್ನೊಂದರಲ್ಲಿ ಬ್ರೆಡ್ ತಿನ್ನುತ್ತಾ ಲಾರಿಗಳ ಬೆನ್ನಿಗೆ ಅಂಟಿಕೊಂಡೇ ಓಡಿಸಿದ. ಅವಳ ಕಾಲು ಹಿಂದಿನ ಸೀಟಿನ ನೆಲವನ್ನು ತುಳಿದು ತುಳಿದು ನೋಯತೊಡಗಿತು. ಅವನು ತಂದು ಇಳಿಸಿದ ಆಸ್ಪತ್ರೆಯಲ್ಲಿ ಅಮ್ಮ ಇರಲಿಲ್ಲ. ಅದೇ ಹೆಸರಿನ ಇನ್ನೊಂದು ಆಸ್ಪತ್ರೆ ಊರಿನ ಆ ತುದಿಯಲ್ಲಿತ್ತು. ಮತ್ತೆ ಟ್ಯಾಕ್ಸಿ, ಮತ್ತೆ ನೆಲ ತುಳಿಯುವುದು.

ದಾರಿಯುದ್ದಕ್ಕೂ ಅವಳು ಅಮ್ಮನನ್ನು ಕಣ್ಣಿಗೆ ತಂದುಕೊಂಡಿದ್ದಳು. ಬಾಡಿದ ಮುಖ, ಗೊತ್ತಿಲ್ಲದ ಭಾಷೆಯವರ ನಡುವೆ ಒಂಟಿ, ತನ್ನನ್ನು ಕಂಡೊಡನೆ ಅಳುವ ಅಮ್ಮ. ವಾರ್ಡಿನ ಬಾಗಿಲು ತಳ್ಳಿದರೆ ಅಮ್ಮ ದಿಂಬಿಗೆ ಒರಗಿ ಕೂತು ಇಸ್ಪೀಟ್ ಆಡುತ್ತಿದ್ದಳು. ತಲೆಯನ್ನು ಯಾರೋ ನೀಟಾಗಿ ಬಾಚಿ ಎರಡು ಜಡೆ ಹಾಕಿದ್ದರು. ಪಕ್ಕದ ಮಂಚದ ಮುದುಕಿ, ಕೈಗೆ ಪ್ಲಾಸ್ಟರ್ ಹಾಕಿಸಿಕೊಂಡವಳು, ಎಲೆ ಬಿಸಾಕಿ ಕಿಸಕಿಸ ನಗುತ್ತಿದ್ದಳು. ಮಂಚದ ಪಕ್ಕದಲ್ಲಿ ಹೊಚ್ಚಹೊಸ ವಾಕರ್ ಒಂದು ಮಿರಮಿರ ಮಿಂಚುತ್ತಿತ್ತು. ಗಾಲಿ ಬೇರೆ ಇತ್ತು.

ಅಮ್ಮ ತಲೆಯೆತ್ತಿ ನೋಡಿದಳು. "ಅಯ್ಯೋ, ನೀನ್ಯಾಕೆ ಬಂದೆ?"

ಮಗಳಿಗೆ ಮೈಯೆಲ್ಲ ಉರಿದುಹೋಯಿತು. "ಯಾಕೆ ಬಂದೆ ಅಂತೀಯಲ್ಲ, ಹೇಗಿದ್ದೀಯ ಅಂತ ನೋಡೋಕೆ ಬಂದೆ. ಕಾಲು ಮುರ್ಕೊಂಡು ಬಿದ್ದಿದೀಯ ಅಂತ ಬಂದೆ!"

"ಅದನ್ನ ಇವರೇ ಜೋಡಿಸಿದಾರಲ್ಲ. ಸಹಿ ಹಾಕ್ಬೇಕು ಅಂದ್ರು, ಹಾಕ್ದೆ. ಅದಿರ್ಲಿ, ಅದೇನು ಕೈಯಲ್ಲಿ? ಹಳೇ ಕಬ್ಬಿಣ?"

ಅವಳು ವಾಕರನ್ನು ಗೋಡೆಗೆ ಒರಗಿಸಿದಳು. ಅದು ಜಾರಿ ದೊಡ್ಡ ಸದ್ದು ಮಾಡುತ್ತಾ ಬಿತ್ತು. ನರ್ಸ್ ಬಂದು ತುಟಿಯ ಮೇಲೆ ಬೆರಳಿಟ್ಟಳು.

ಮರುದಿನ ಡಾಕ್ಟರು ಇಬ್ಬರಿಗೂ ಅರ್ಧರ್ಧ ಬರುವ ಇಂಗ್ಲಿಷಿನಲ್ಲಿ ವಿಷಯ ತಿಳಿಸಿದರು. ಮೂಳೆ ಚೆನ್ನಾಗಿ ಕೂತಿದೆ. ಆದರೆ ವಿಮಾನದವರು ಹತ್ತಿಸಿಕೊಳ್ಳಬೇಕಾದರೆ ಡಾಕ್ಟರ ಪ್ರಮಾಣಪತ್ರ ಬೇಕು, ಅದು ಬೇಕಾದರೆ ರೋಗಿ ಊರುಗೋಲು ಹಿಡಿದು ಮೆಟ್ಟಿಲು ಹತ್ತಿ ಇಳಿದು ತೋರಿಸಬೇಕು. ವ್ಯಾಯಾಮದ ಕೋಣೆಯಲ್ಲಿ ಮರದ ನಾಲ್ಕು ಮೆಟ್ಟಿಲು ಅದಕ್ಕೆಂದೇ ಇವೆ.

"ಮನಸ್ಸು ಮಾಡಿದರೆ ಈ ವಾರವೇ ಆಗುತ್ತೆ. ಆದರೆ ನಿಮ್ಮ ತಾಯಿ ಮನಸ್ಸು ಮಾಡ್ತಿಲ್ಲ," ಎಂದರು ಡಾಕ್ಟರು.

ಮನಸ್ಸು ಮಾಡಿಸುವುದು ತನ್ನ ಕಸುಬೇ ಅಲ್ಲವೇ ಎಂದುಕೊಂಡು ಬ್ರೇಕ್ ಮೇಡಂ ವ್ಯಾಯಾಮದ ಕೋಣೆಗೆ ಹೋದಳು. ಅಮ್ಮ ಮೊದಲ ಮೆಟ್ಟಿಲ ಮುಂದೆ ಕಂಬದಂತೆ ನಿಂತಿದ್ದಳು.

"ಮುಂದೆ ನೋಡಮ್ಮ. ಕೆಳಗ್ಯಾಕೆ ನೋಡ್ತೀಯ? ಒಳ್ಳೆ ಕಾಲು ಮೊದಲು. ಅದಲ್ಲ, ಆ ಕಡೇದು! ನಿಧಾನ. ನಿಧಾನ ಅಂದ್ರೆ ನಿಂತೇಬಿಡೋದಲ್ಲ!"

"ನೀನು ಹೀಗೆ ಕಿರುಚಿದ್ರೆ ನನಗೆ ಇರೋ ಕಾಲೂ ಮರೆತುಹೋಗುತ್ತೆ," ಎಂದು ಅಮ್ಮ ಊರುಗೋಲು ಕೆಳಗಿಟ್ಟು ಕುರ್ಚಿಯಲ್ಲಿ ಕೂತುಬಿಟ್ಟಳು.

ವ್ಯಾಯಾಮ ಮಾಡಿಸುವ ಹೆಂಗಸು ನಗುತ್ತಲೇ ಬ್ರೇಕ್ ಮೇಡಂಳ ಭುಜ ಹಿಡಿದು ತಿರುಗಿಸಿ, ಬಾಗಿಲಾಚೆ ಬಿಟ್ಟು, ಬಾಗಿಲು ಮುಚ್ಚಿಕೊಂಡಳು. ಎಷ್ಟೋ ಜನಕ್ಕೆ ಕಾರು ಕಲಿಸಿದವಳು ಅಮ್ಮನಿಗೆ ಒಂದು ಮೆಟ್ಟಿಲು ಹತ್ತಿಸಲಾಗದೆ ಕಾರಿಡಾರಿನಲ್ಲಿ ನಿಂತಳು. ಅಲ್ಲಿದ್ದ ಕಾಫಿ ಯಂತ್ರದ ಗುಂಡಿ ಒತ್ತಿದರೆ ಲೋಟ ಬೀಳಲೇ ಇಲ್ಲ. ಬಿಸಿ ಕಾಫಿ ಸುಮ್ಮನೆ ಜಾಲರಿಯೊಳಗೆ ಸುರಿದುಹೋಯಿತು. ಅದನ್ನು ನೋಡುತ್ತಾ ಅವಳಿಗೆ ಅಳು ಒತ್ತರಿಸಿ ಬಂತು. ಅದೇ ಹೊತ್ತಿಗೆ ಅಣ್ಣನ ಫೋನ್.

"ಏನೇ, ಟಿಕೆಟ್ ಆಯ್ತಾ? ಇನ್ನೂ ಅಲ್ಲೇ ಇದೀರಾ? ನೀನು ಸ್ವಲ್ಪ ಗಟ್ಟಿಯಾಗಿ ಕೇಳ್ಬೇಕು ಡಾಕ್ಟರನ್ನ. ಮೆತ್ತಗಿದ್ರೆ ಯಾರೂ ಕೇಳಲ್ಲ."

"ಅಣ್ಣಾ, ನಾನು ಉಟ್ಟ ಬಟ್ಟೇಲಿ ಇದೀನಿ. ನನ್ನ ಪೆಟ್ಟಿಗೆ ಯಾವ ದೇಶದಲ್ಲಿದೆಯೋ ಗೊತ್ತಿಲ್ಲ. ಅಮ್ಮ ನನ್ನ ಮುಖ ನೋಡಿದ್ರೆ ಕಾಲೆತ್ತಲ್ಲ. ನಿನಗೆ ಅಷ್ಟೊಂದು ಗೊತ್ತಿದ್ರೆ ಮೊದಲು ಹೋಗಿ ಪಾಸ್‌ಪೋರ್ಟ್ ಮಾಡಿಸ್ಕೋ!" ಎಂದು ಪಟಕ್ಕನೆ ಫೋನಿಟ್ಟಳು.

ಕಣ್ಣೊರೆಸಿಕೊಳ್ಳುತ್ತಿದ್ದಾಗ ಯಾರೋ ಒಂದು ಲೋಟ ಕಾಫಿ ಮುಂದೆ ಹಿಡಿದರು. ಇಸ್ಪೀಟ್ ಮುದುಕಿಯ ಸೊಸೆ. ಆಸ್ಪತ್ರೆಯ ಎದುರಿಗೇ ಹೂವಿನಂಗಡಿ ಇಟ್ಟಿದ್ದಳು. ಅತ್ತೆಯನ್ನು ನೋಡಲು ದಿನವೂ ಬರುತ್ತಿದ್ದಳು. ಅಂಗಡಿಗೆ ಬರುವ ಪ್ರವಾಸಿಗರಿಂದ ಕಲಿತ ಇಂಗ್ಲಿಷು ಅವಳದು.

"ನಿಮ್ಮಮ್ಮನಿಗೆ ಅವರು ಸಿಕ್ಕಿದ್ರಾ?" ಎಂದು ಕೇಳಿದಳು.

"ಯಾರು?"

"ಅದೇ, ಟೆಲಿಫೋನಿನವರು. ಅವರನ್ನ ಹುಡುಕ್ತಾ ಹೋಗಿ ತಾನೇ ಬಿದ್ದಿದ್ದು? ಹಳೇ ಎಕ್ಸ್‌ಚೇಂಜಿನ ಮೆಟ್ಟಿಲ ಮೇಲೆ."

ಬಸ್ಸಿನಿಂದ ಇಳಿಯುವಾಗ ಬಿದ್ದೆ ಎಂದಿದ್ದಳಲ್ಲ ಅಮ್ಮ! ಲೋಟವನ್ನು ಹಾಗೇ ಹಿಡಿದುಕೊಂಡು ಬ್ರೇಕ್ ಮೇಡಂ ವಾರ್ಡಿಗೆ ಧಾವಿಸಿದಳು.

"ಯಾವ ಎಕ್ಸ್‌ಚೇಂಜು? ಯಾರನ್ನ ಹುಡುಕೋಕೆ ಹೋಗಿದ್ದೆ? ನಿಜ ಹೇಳು."

ಅಮ್ಮ ಹೊದಿಕೆಯ ಅಂಚನ್ನು ಮಡಚಿದಳು, ಬಿಡಿಸಿದಳು. "ಹೇಳಿದ್ರೆ ನೀನು ಬೈತೀಯ."

"ಹೇಳದೇ ಇದ್ರೂ ಬೈತೀನಿ."

ಹಾಗೆ ಹೊರಬಂತು ಕಥೆ. ರಾತ್ರಿ ಪಾಳಿಯಲ್ಲಿ ಅಮ್ಮ ಈ ಊರಿನ ಲೈನ್ ಹಿಡಿದಾಗಲೆಲ್ಲ ಆ ಕಡೆಯಿಂದ ಒಂದು ಹೆಣ್ಣುದನಿ, "ಬೋರ್ಡ್ ಹನ್ನೆರಡು," ಎನ್ನುತ್ತಿತ್ತಂತೆ. ಹೆಸರು ಹೇಳುವಂತಿರಲಿಲ್ಲ, ಕರೆ ಜೋಡಿಸುವ ಬೋರ್ಡಿನ ಸಂಖ್ಯೆ ಮಾತ್ರ, ಅದು ನಿಯಮ. ಅಮ್ಮ ತನ್ನೂರಿನಲ್ಲಿ ಬೋರ್ಡ್ ಐದು. ಕರೆ ಕೂಡಿಬರುವ ತನಕ ಲೈನಿನಲ್ಲಿ ಇಬ್ಬರೂ ಕಾಯಬೇಕು. ಆ ಬಿಡುವಿನಲ್ಲಿ ನಿಮ್ಮಲ್ಲಿ ಚಳಿಯಾ, ಕೆಮ್ಮು ವಾಸಿಯಾಯ್ತಾ ಎಂಬಂಥ ಚೂರುಪಾರು ಮಾತು. ವರ್ಷಗಟ್ಟಲೆ ಅಷ್ಟೇ. ಆಮೇಲೆ ಯಂತ್ರಗಳು ಬಂದವು, ಜನ ತಾವೇ ನಂಬರ್ ಒತ್ತಿ ಮಾತಾಡತೊಡಗಿದರು. ಒಂದು ದಿನ ಬೋರ್ಡ್ ಹನ್ನೆರಡು ಉತ್ತರಿಸಲಿಲ್ಲ.

"ನಿನಗೆ ಮೊದಲ ಹಲ್ಲು ಬಂದಿದ್ದು ನಾನು ಅವಳಿಗೇ ಮೊದಲು ಹೇಳಿದ್ದು," ಎಂದಳು ಅಮ್ಮ. "ನಿಮ್ಮಪ್ಪ ಮಲಗಿದ್ರು."

ಈ ಪ್ರವಾಸವನ್ನು ಅಮ್ಮ ಆರಿಸಿದ್ದೇ ಬಸ್ಸು ಈ ಊರಿನಲ್ಲಿ ತಂಗುತ್ತದೆಂದು. ತಲೆನೋವೆಂದು ಹೋಟೆಲಿನಲ್ಲಿ ಉಳಿದು, ಗುಂಪು ಅತ್ತ ಹೋದೊಡನೆ ಇವಳು ಇತ್ತ ಬಸ್ಸು ಹಿಡಿದಿದ್ದಳು. ಕಟ್ಟಡವೇನೋ ಸಿಕ್ಕಿತು. ಈಗ ಅದು ಹಾಸಿಗೆ ಅಂಗಡಿ. ಗೋಡೆಯ ಮೇಲಿನ ಹಳೆಯ ಅಕ್ಷರಗಳನ್ನು ತಲೆಯೆತ್ತಿ ಓದುತ್ತಾ ಮೆಟ್ಟಿಲು ಹತ್ತುವಾಗ ಕಾಲು ತಪ್ಪಿತು.

ಬ್ರೇಕ್ ಮೇಡಂ ಕಾಫಿ ಲೋಟವನ್ನು ಮೇಜಿನ ಮೇಲೆ ಕುಕ್ಕಿದಳು. "ಒಂದು ಮಾತು ನನಗೆ ಹೇಳಬಾರದಿತ್ತಾ?"

"ಹೇಳಿದ್ರೆ ಬೇಡ ಅಂತಿದ್ದೆ."

ಅದು ನಿಜವಾಗಿದ್ದರಿಂದ ಅವಳ ಸಿಟ್ಟು ಇನ್ನೂ ಹೆಚ್ಚಾಯಿತು. "ಸರಿ, ಆಯ್ತಲ್ಲ. ಕಟ್ಟಡ ನೋಡಿದೆ, ಕಾಲೂ ಮುರ್ಕೊಂಡೆ. ನಾಳೆಯಿಂದ ಸರಿಯಾಗಿ ಮೆಟ್ಟಿಲು ಹತ್ತು, ಮನೆಗೆ ಹೋಗೋಣ."

"ಅವಳನ್ನ ಹುಡುಕಿಕೊಡು. ಮೆಟ್ಟಿಲೇನು, ಬೆಟ್ಟ ಹತ್ತು ಅಂದ್ರೂ ಹತ್ತುತೀನಿ."

"ಹೆಸರಿಲ್ಲ, ವಿಳಾಸ ಇಲ್ಲ. ಎಲ್ಲಿ ಅಂತ ಹುಡುಕ್ಲಿ?"

"ಅದನ್ನೇ ಮಾಡೋಕೆ ಹೋದೆ ನಾನು. ಅಷ್ಟರಲ್ಲಿ ಬಿದ್ದೆ," ಎಂದು ಅಮ್ಮ ಗೋಡೆಯತ್ತ ಮುಖ ತಿರುಗಿಸಿದಳು.

ಹಲ್ಲು ಕಚ್ಚಿಕೊಂಡು ಮರುದಿನ ಬ್ರೇಕ್ ಮೇಡಂ ಹೊರಟಳು. ಹಾಸಿಗೆ ಅಂಗಡಿಯವನು ಅವಳಿಗೆ ಏನೂ ಅರ್ಥವಾಗದಿದ್ದರೂ ಮೂರು ಬಗೆಯ ಹಾಸಿಗೆ ತೋರಿಸಿ, ಒಂದರ ಮೇಲೆ ಮಲಗಿ ನೋಡಿ ಎಂದು ಒತ್ತಾಯಿಸಿದ. ದಣಿದಿದ್ದವಳು ಮಲಗಿಯೇ ಬಿಟ್ಟಳು. ಏಳಲು ಮನಸ್ಸೇ ಬರಲಿಲ್ಲ. ಅಲ್ಲಿಂದ ಟೆಲಿಫೋನ್ ಕಂಪನಿಯ ಕಚೇರಿಗೆ ಹೋದರೆ ಟೈ ಕಟ್ಟಿದವನೊಬ್ಬ, ಹಳೆಯ ನೌಕರರ ವಿವರ ಹೊರಗಿನವರಿಗೆ ಕೊಡುವಂತಿಲ್ಲ, ಮಿಂಚಂಚೆ ಕಳಿಸಿ, ಉತ್ತರ ಬರುತ್ತದೆ ಎಂದ. ಯಾವಾಗ ಎಂದು ಕೇಳಿದರೆ ಛಾವಣಿ ನೋಡಿದ. ಇನ್ನೊಂದು ಕಚೇರಿ, ಇನ್ನೊಬ್ಬ ಟೈ. ಬಸ್ಸು ತಪ್ಪಿ ಗೊತ್ತಿಲ್ಲದ ಬೀದಿಗಳಲ್ಲಿ ಅಲೆದು, ಹಿಮ್ಮಡಿಯಲ್ಲಿ ಬೊಬ್ಬೆ ಎಬ್ಬಿಸಿಕೊಂಡು ಹೂವಿನಂಗಡಿಯ ಮುಂದೆ ಬಂದು ಸ್ಟೂಲಿನ ಮೇಲೆ ಕುಸಿದಳು.

ಸೊಸೆ ಎಲ್ಲ ಕೇಳಿ, ಗುಲಾಬಿಯ ಮುಳ್ಳು ಸವರುವುದನ್ನು ನಿಲ್ಲಿಸದೆ, ಕಿವಿ ಮತ್ತು ಭುಜದ ನಡುವೆ ಫೋನ್ ಸಿಕ್ಕಿಸಿಕೊಂಡು ಯಾರಿಗೋ ಮಾತಾಡಿದಳು. ಆಮೇಲೆ ಇನ್ಯಾರಿಗೋ. ಜೋರಾಗಿ ನಕ್ಕಳು. "ನಮ್ಮ ಅತ್ತೆಯ ತಂಗಿಯ ನೆರೆಯವರು ಎಕ್ಸ್‌ಚೇಂಜಿನಲ್ಲಿ ಇದ್ರಂತೆ. ಅವರಿಗೆ ಬೋರ್ಡ್ ಹನ್ನೆರಡು ಗೊತ್ತು. ಆಕೆಯೇ ನಾಳೆ ಮಧ್ಯಾಹ್ನ ಇಲ್ಲಿಗೆ ಬರ್ತಾರೆ."

ಬ್ರೇಕ್ ಮೇಡಂಗೆ ಸಂತೋಷಪಡಬೇಕೋ, ತಾನು ಸುಮ್ಮನೆ ಕಾಲು ಸವೆಸಿದ್ದಕ್ಕೆ ಗೋಳಾಡಬೇಕೋ ತಿಳಿಯಲಿಲ್ಲ.

ಅಮ್ಮ ಬೆಳಗಿನಿಂದ ನೆಟ್ಟಗೆ ಕೂತಿದ್ದಳು. ಜಡೆ ಬಿಚ್ಚಿ ತುರುಬು ಕಟ್ಟಿಸಿಕೊಂಡಳು. ಮಗಳ ಪೆಟ್ಟಿಗೆ ಕೊನೆಗೂ ಬಂದಿತ್ತು. ಅದರಲ್ಲಿದ್ದ ಮಗಳ ಒಳ್ಳೆಯ ಶಾಲನ್ನು ಕೇಳದೆಯೇ ಹೊದ್ದುಕೊಂಡಳು. ಮಧ್ಯಾಹ್ನ ಎತ್ತರದ ಮುದುಕಿಯೊಬ್ಬರು ಇಸ್ತ್ರಿ ಮಾಡಿದ ಕೋಟು ತೊಟ್ಟು, ಕೇಕಿನ ಡಬ್ಬಿ ಹಿಡಿದು ಬಂದು ಮಂಚದ ಬಳಿ ನಿಂತರು.

"ಬೋರ್ಡ್ ಹನ್ನೆರಡು," ಎಂದರು.

"ಬೋರ್ಡ್ ಐದು," ಎಂದಳು ಅಮ್ಮ.

ಇಬ್ಬರೂ ಕೈಹಿಡಿದುಕೊಂಡರು. ಇಬ್ಬರಿಗೂ ಬರುತ್ತಿದ್ದದ್ದು ಎಕ್ಸ್‌ಚೇಂಜಿನ ಇಂಗ್ಲಿಷು. ಲೈನ್ ಕ್ಲಿಯರ್, ಹೋಲ್ಡ್ ಮಾಡಿ, ಪಾರ್ಟಿ ಉತ್ತರಿಸುತ್ತಿಲ್ಲ, ಇಷ್ಟರಲ್ಲೇ ಅವರು ಗಂಡಂದಿರ ಬಗ್ಗೆ, ಮಕ್ಕಳ ಬಗ್ಗೆ, ಮಂಡಿನೋವಿನ ಬಗ್ಗೆ ಹೇಗೋ ಮಾತಾಡಿದರು. "ಗಂಡ?" ಎಂದು ಅಮ್ಮ ಕೇಳಿದರೆ ಆಕೆ, "ಲೈನ್ ಕಟ್," ಎಂದು ಮೇಲೆ ಕೈತೋರಿಸಿದರು. ಅಮ್ಮ, "ನಂದೂ ಕಟ್," ಎಂದಳು. ಇಬ್ಬರೂ ಕಣ್ಣೀರು ಬರುವಂತೆ ನಕ್ಕರು. ಇಸ್ಪೀಟ್ ಮುದುಕಿಗೂ ಕೇಕ್ ಹೋಯಿತು. ಹೊರಡುವಾಗ ಆಕೆ ಸೊಸೆಯ ಮೂಲಕ ಒಂದು ಮಾತು ಹೇಳಿದರು: ಹನ್ನೆರಡು ಎಂಬುದು ಬೋರ್ಡಿನ ಸಂಖ್ಯೆ, ಆಳಿನದಲ್ಲ. ರಾತ್ರಿ ಪಾಳಿಯಲ್ಲಿ ನಾವು ಮೂವರು ಸರದಿಯಂತೆ ಅಲ್ಲಿ ಕೂರುತ್ತಿದ್ದೆವು. ಒಬ್ಬಳು ತೀರಿಕೊಂಡಳು. ಇನ್ನೊಬ್ಬಳು ಕಡಲ ಕಡೆಯ ಊರಿನಲ್ಲಿ ಮಗಳ ಮನೆ ಸೇರಿದ್ದಾಳೆ.

ಅವರು ಹೋದ ಮೇಲೆ ಅಮ್ಮ ಕೇಕಿನ ಡಬ್ಬಿಯ ಮುಚ್ಚಳ ಹಾಕಿದಳು.

"ಆಯ್ತಾ ನಿನ್ನ ಆಸೆ? ನೋಡಿದ್ಯಾ ಗೆಳತೀನ?" ಎಂದಳು ಮಗಳು. ಮನಸ್ಸು ಮೆತ್ತಗಾಗಿತ್ತು, ಅಮ್ಮನ ಕೆನ್ನೆಗೆ ಅಂಟಿದ್ದ ಕೇಕಿನ ಚೂರನ್ನು ಒರೆಸಿದಳು.

"ಅವಳಲ್ಲ," ಎಂದಳು ಅಮ್ಮ.

"ಏನು?"

"ಅವಳಲ್ಲ ಕಣೆ ಇವಳು. ಬಾಯಿ ಬಿಟ್ಟ ತಕ್ಷಣ ಗೊತ್ತಾಯ್ತು. ಆ ದನಿ ನನಗೆ ಮರೆಯುತ್ತಾ?"

"ಮತ್ತೆ ಅಷ್ಟು ಹೊತ್ತು ಕೈ ಹಿಡ್ಕೊಂಡು ನಕ್ಕೊಂಡು ಕೂತಿದ್ದೆಯಲ್ಲ!"

"ಪಾಪ, ಅಷ್ಟು ದೂರದಿಂದ ಬಂದಿದ್ರು. ಕೋಟು ಇಸ್ತ್ರಿ ಮಾಡ್ಕೊಂಡು, ಕೇಕ್ ಬೇರೆ ಮಾಡ್ಕೊಂಡು. ನೀವಲ್ಲ ಅಂತ ಹೇಗೆ ಹೇಳ್ಲಿ?"

ಮಗಳು ಕಾರಿಡಾರಿಗೆ ಹೋಗಿ ಕಾಫಿ ಯಂತ್ರಕ್ಕೆ ಒಂದು ಒದೆ ಕೊಟ್ಟಳು. ಲೋಟ ಬಿತ್ತು, ಕಾಫಿ ಬರಲಿಲ್ಲ.

ಕೊಟ್ಟ ಮಾತಿಗೆ ಅಮ್ಮ ತಪ್ಪಲಿಲ್ಲ. ಮರುದಿನ ಬೆಳಗ್ಗೆ ವ್ಯಾಯಾಮದ ಕೋಣೆಯಲ್ಲಿ ಎಲ್ಲರ ಮುಂದೆ ಮೆಟ್ಟಿಲು ಹತ್ತಿ ಇಳಿದಳು, ಮತ್ತೆ ಹತ್ತಿದಳು. ಮಗಳು ಗಾಜಿನ ಬಾಗಿಲಾಚೆ ನಿಂತು ಒಂದು ಮಾತನ್ನೂ ಆಡದೆ ನೋಡಿದಳು. ಆಡಲಿಲ್ಲವೆಂದರೂ ತುಟಿ ಅಲುಗುತ್ತಿತ್ತು. ಡಾಕ್ಟರು ಪತ್ರ ಬರೆದುಕೊಟ್ಟರು. ಹೊರಡುವ ಗಡಿಬಿಡಿಯಲ್ಲಿ ನೋಡಿದರೆ ಅಜ್ಜಿಯ ವಾಕರ್ ಇರಲಿಲ್ಲ. ಇಸ್ಪೀಟ್ ಮುದುಕಿಯ ಮನೆಯಲ್ಲಿ ಯಾರಿಗೋ ಮಂಡಿನೋವಂತೆ, ಅಮ್ಮ ದಾನ ಮಾಡಿಯಾಗಿತ್ತು. "ಅಜ್ಜಿಗೆ ನಾನೇನಮ್ಮ ಉತ್ತರ ಕೊಡ್ಲಿ?" ಎಂದರೆ, "ಆಸ್ಪತ್ರೆಯವರು ನನಗೆ ಕೊಟ್ಟಿದಾರಲ್ಲ, ಗಾಲಿ ಇರೋದು, ಅದನ್ನ ಕೊಟ್ರಾಯ್ತು," ಎಂದಳು. ಹೂವಿನಂಗಡಿಯ ಸೊಸೆ ಟ್ಯಾಕ್ಸಿಯ ತನಕ ಬಂದು ಇಬ್ಬರನ್ನೂ ಬಿಗಿಯಾಗಿ ತಬ್ಬಿಕೊಂಡಳು. ಬ್ರೇಕ್ ಮೇಡಂ ಕಣ್ಣು ಒದ್ದೆಯಾಗಿದ್ದನ್ನು ಅಮ್ಮನಿಗೆ ಕಾಣದಂತೆ ಒರೆಸಿಕೊಂಡಳು.

ವಿಮಾನ ಮೇಲೇರಿತು. ಅಮ್ಮ ಕಾಲು ಚಾಚಲು ಅನುಕೂಲವಾದ ಮುಂದಿನ ಸೀಟಿನಲ್ಲಿ ಶಾಲು ಹೊದ್ದು ಕೂತಿದ್ದಳು. ಮಗಳು ಪಕ್ಕದಲ್ಲಿ ಕಣ್ಣು ಮುಚ್ಚಿದಳು. ಇನ್ನೇನು ನಿದ್ದೆ ಹತ್ತಬೇಕು.

"ಏನೇ," ಎಂದಳು ಅಮ್ಮ.

"ಹ್ಞೂಂ."

"ಆ ಕಡಲ ಕಡೆ ಊರು ಆಸ್ಪತ್ರೆ ಊರಿಂದ ರೈಲಿನಲ್ಲಿ ಹತ್ತಿರಾನಂತೆ. ಆ ಸೊಸೆ ಹೇಳ್ತಿದ್ಲು. ಮೂವರಲ್ಲಿ ಒಬ್ಬಳು ತೀರಿಹೋದ್ಲು, ಒಬ್ಬಳನ್ನ ನೋಡಿ ಆಯ್ತು..."

ಬ್ರೇಕ್ ಮೇಡಂ ಕಣ್ಣು ತೆರೆದಳು. "ತೀರಿಹೋದವಳೇ ಅವಳಾಗಿದ್ರೆ?"

"ಆಗಿರಬಹುದು. ಇಲ್ಲದೇನೂ ಇರಬಹುದು. ಹೋಗಿ ಕೇಳಿದ್ರೆ ತಾನೇ ಗೊತ್ತಾಗೋದು? ಕಾಲು ಪೂರ್ತಿ ವಾಸಿಯಾಗ್ಲಿ. ಈ ಸಲ ನಿನಗೆ ಹೇಳಿಯೇ ಹೋಗ್ತೀನಿ, ಆಯ್ತಾ? ಬೇಕಾದ್ರೆ ನೀನೂ ಬಾ."

ಎದ್ದು ಹೋಗಿ ಬಾಗಿಲು ಧಡಾರನೆ ಎಳೆದುಕೊಳ್ಳಬೇಕು ಎನಿಸಿತು ಅವಳಿಗೆ. ಎಲ್ಲಿಗೆ ಹೋಗುವುದು, ಕೆಳಗೆಲ್ಲ ಮೋಡ. ಸೊಂಟಕ್ಕೆ ಕಟ್ಟಿದ ಪಟ್ಟಿಯನ್ನು ಇನ್ನಷ್ಟು ಬಿಗಿಮಾಡಿಕೊಂಡು, ಮುಖ ಊದಿಸಿಕೊಂಡು ಕೂತಳು. ಅಮ್ಮ ಆಗಲೇ ಆ ಪಕ್ಕದ ಪ್ರಯಾಣಿಕನ ಕಡೆ ತಿರುಗಿ, ನಿಮ್ಮದು ಯಾವ ಊರು ಎಂದು ಅವನಿಗೆ ಬಾರದ ಭಾಷೆಯಲ್ಲಿ ಕೇಳುತ್ತಿದ್ದಳು.